ಪರದತ್ತದ ಪಾಲನೆ



ಹಳೆಯ ಕಟ್ಟಡಗಳನ್ನು ಕಾಪಾಡುವ ಕೆಲಸಕ್ಕೆ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಮಾತು 'ಜೀರ್ಣೋದ್ಧಾರ'. ಜೀರ್ಣವಾದುದನ್ನು ಮೇಲೆತ್ತುವುದು ಎಂದು ಅದರ ಅರ್ಥ. ಶಾಸನಗಳಲ್ಲಿ ಇದರ ಹಿಂದೆ 'ಖಂಡಸ್ಫುಟಿತ' ಎಂಬ ಇನ್ನೊಂದು ಮಾತು ಸೇರಿಕೊಂಡಿರುತ್ತದೆ. ಒಡೆದದ್ದು, ಬಿರಿದದ್ದು, ಸವೆದದ್ದು, ಇವುಗಳ ದುರಸ್ತಿಗಾಗಿ ಇಷ್ಟು ಗದ್ದೆ, ಇಷ್ಟು ಬೆದ್ದಲು ಬಿಟ್ಟೆವು ಎಂದು ದಾನಿಗಳು ಬರೆಯಿಸಿರುತ್ತಾರೆ. ಗುಡಿಯನ್ನು ಕಟ್ಟಿಸಿದ ದಿನವೇ, ಇದು ಒಂದು ದಿನ ಬಿರಿಯುತ್ತದೆ ಎಂಬುದನ್ನು ತಿಳಿದು, ಆ ಬಿರುಕನ್ನು ಮುಚ್ಚುವವನ ಅನ್ನಕ್ಕೂ ದಾರಿ ಮಾಡಿಟ್ಟು ಹೋದ ಜನ ಅವರು. ಕಟ್ಟುವುದು ಒಂದು ಕೆಲಸ, ಕಾಯುವುದು ಇನ್ನೊಂದು ಕೆಲಸ; ಎರಡನೆಯದು ಮೊದಲನೆಯದಕ್ಕಿಂತ ಉದ್ದವಾದದ್ದು ಎಂಬ ವಿವೇಕ ಅವರಿಗಿತ್ತು.

ಈ ಕಾಯುವ ಕೆಲಸಕ್ಕೆ ಈಗ ದೇಶದ ಗಡಿಯೂ ಅಡ್ಡವಿಲ್ಲ. ಯುನೆಸ್ಕೋ ಸಂಸ್ಥೆಯು 2008ರಿಂದ ವಿಶ್ವ ಪರಂಪರೆಯ ಸ್ಥಳಗಳಲ್ಲಿ ಸ್ವಯಂಸೇವಕರ ಶಿಬಿರಗಳನ್ನು ನಡೆಸುವ ಯೋಜನೆಯೊಂದನ್ನು ಹಮ್ಮಿಕೊಂಡಿದೆ. ನಾನಾ ದೇಶದ ತರುಣ ತರುಣಿಯರು ರಜೆಯಲ್ಲಿ ಹೋಗಿ, ಎರಡು ಮೂರು ವಾರ ಅಲ್ಲಿಯೇ ಇದ್ದು, ಕೈಲಾದ ಕೆಲಸ ಮಾಡಿ ಬರುತ್ತಾರೆ. ಸಂಬಳವಿಲ್ಲ, ಸಾಮಾನ್ಯವಾಗಿ ದಾರಿಯ ಖರ್ಚೂ ಅವರದೇ. ನಾವು ಶ್ರಮದಾನ ಎನ್ನುವುದು ಇದನ್ನೇ. ಈ ಬಗೆಯ ಅಂತರರಾಷ್ಟ್ರೀಯ ಶ್ರಮದಾನಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಪಿಯೆರ್ ಸೆರೆಸೋಲ್ ಎಂಬ ಸ್ವಿಟ್ಸರ್ಲೆಂಡಿನ ಮಹನೀಯರು ಫ್ರಾನ್ಸಿನ ವರ್ದೂನ್ ಬಳಿಯಲ್ಲಿ ಹಾಳಾಗಿದ್ದ ಹಳ್ಳಿಯೊಂದನ್ನು ಎತ್ತಿ ನಿಲ್ಲಿಸಲು ಹಲವು ದೇಶದವರನ್ನು ಕಲೆಹಾಕಿದರು. ಅದೇ ಮಹನೀಯರು 1934ರ ಬಿಹಾರದ ಭೂಕಂಪದ ತರುವಾಯ ನಮ್ಮ ದೇಶಕ್ಕೂ ಬಂದು, ನೆಲಸಮವಾಗಿದ್ದ ಹಳ್ಳಿಗಳನ್ನು ಮರಳಿ ಕಟ್ಟುವುದರಲ್ಲಿ ಕೈ ಹಚ್ಚಿದ್ದರು.

ಈ ವಿಷಯವನ್ನು ಆಕಾಶವಾಣಿಯಲ್ಲಿ ಏಕೆ ಎತ್ತಿಕೊಂಡೆನೆಂದರೆ, ನಮ್ಮ ಸಕಲೇಶಪುರದ ಕಡೆಯ ಒಂದು ಮನೆಯಲ್ಲಿ ಇದು ಈಚೆಗೆ ವಾದಕ್ಕೆ ಕಾರಣವಾಯಿತು. ಮಗ ನನ್ನ ಹಳೆಯ ವಿದ್ಯಾರ್ಥಿ. ಎಂಜಿನಿಯರಿಂಗ್ ಓದಿದ ಹುಡುಗ. ತಂದೆ ಸಣ್ಣ ಹಿಡುವಳಿಯ ಕಾಫಿ ಬೆಳೆಗಾರರು. ಜಾವಾ ದ್ವೀಪದ ಬೊರೊಬುದೂರಿಗೆ ಸ್ವಯಂಸೇವಕನಾಗಿ ಹೋಗಬೇಕೆಂದು ಹುಡುಗನಿಗೆ ಆಸೆ. ತಂದೆ ನನ್ನ ಬಳಿಗೆ ಬಂದು, "ಅಲ್ಲ ಮೇಷ್ಟ್ರೇ, ನೀವೇ ಹೇಳಿ. ಕಲ್ಲು ತೊಳೆಯೋದಕ್ಕೆ ಸಮುದ್ರ ದಾಟಬೇಕಾ? ನಮ್ಮೂರಲ್ಲಿ ಕಲ್ಲಿಲ್ವಾ? ಅದೂ ಕೈಯಿಂದ ದುಡ್ಡು ಹಾಕಿ!" ಎಂದರು. ನಗುತ್ತಲೇ ಕೇಳಿದರು; ಆದರೆ ಪ್ರಶ್ನೆ ನಗೆಯದಲ್ಲ. "ಗೌಡರೇ, ಒಂದು ವಾರ ಅವಕಾಶ ಕೊಡಿ, ಯೋಚಿಸಿ ಹೇಳುತ್ತೇನೆ" ಎಂದೆ. ಆ ವಾರದಲ್ಲಿ ಓದಿ ಯೋಚಿಸಿದ್ದನ್ನು ತಮ್ಮೆದುರಿಗೂ ಇಡುತ್ತೇನೆ.

ಮೊದಲು, ಆ ದ್ವೀಪ ನಮಗೆ ಎಷ್ಟು ಪರಕೀಯ ಎಂಬುದನ್ನು ನೋಡೋಣ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ತಾವೆಲ್ಲರೂ ಬಲ್ಲಿರಿ. 1936ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ ಕಲ್ಲನ್ನು ವಿದ್ವಾಂಸರು ಸಾಮಾನ್ಯವಾಗಿ ಐದನೆಯ ಶತಮಾನದ ನಡುಗಾಲದ್ದೆಂದು ಹೇಳುತ್ತಾರೆ. ಹೆಚ್ಚುಕಡಮೆ ಆ ಶತಮಾನದಲ್ಲಿಯೇ ಪಶ್ಚಿಮ ಜಾವಾದಲ್ಲಿ ಪೂರ್ಣವರ್ಮನೆಂಬ ಅರಸನು ಹೊಳೆಯ ಬಂಡೆಯೊಂದರ ಮೇಲೆ ಸಂಸ್ಕೃತದ ಶ್ಲೋಕವನ್ನು ಕೆತ್ತಿಸಿ, ಅದರ ಜೊತೆಗೆ ತನ್ನ ಎರಡು ಹೆಜ್ಜೆಗಳನ್ನೂ ಮೂಡಿಸಿದನು. ಚಿಯಾರುತೆಯುನ್ ಶಾಸನವೆಂದು ಅದಕ್ಕೆ ಹೆಸರು. ಅದರ ಲಿಪಿ ದಕ್ಷಿಣ ಭಾರತದ ಪಲ್ಲವ ಲಿಪಿಯ ಬಗೆಯದು. ಹಲ್ಮಿಡಿಯ ಅಕ್ಷರವೂ ಆ ಬಂಡೆಯ ಅಕ್ಷರವೂ ದಕ್ಷಿಣದ ಬ್ರಾಹ್ಮಿಯೆಂಬ ಒಂದೇ ಬುಡದಿಂದ ಒಡೆದ ಎರಡು ಕೊಂಬೆಗಳು. ನಮ್ಮ ಕೊಂಬೆ ಬೆಳೆದು ಇಂದಿನ ಕನ್ನಡ ಲಿಪಿಯಾಯಿತು. ಅವರದು 'ಕವಿ' ಎಂಬ ಹೆಸರಿನ ಹಳೆಯ ಜಾವಾ ಲಿಪಿಯಾಗಿ, ಮುಂದೆ ಇಂದಿನ ಜಾವಾ ಮತ್ತು ಬಾಲಿ ಲಿಪಿಗಳಾಯಿತು. ಅಕ್ಷರದ ಲೆಕ್ಕದಲ್ಲಿ ಜಾವಾದವರು ನಮಗೆ ದಾಯಾದಿಗಳು.

ಗೌಡರಿಗೆ ಅಕ್ಷರಕ್ಕಿಂತ ಕಾಫಿಯ ಲೆಕ್ಕ ಹತ್ತಿರ. ಅದೂ ಇದೆ. ಬಾಬಾ ಬುಡನ್ ಅವರು ಮೆಕ್ಕೆಯ ಯಾತ್ರೆಯಿಂದ ಬರುವಾಗ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ನಮ್ಮ ಮಲೆನಾಡಿನ ಮಕ್ಕಳಿಗೆಲ್ಲ ಗೊತ್ತು. ಡಚ್ಚರು ಜಾವಾದಲ್ಲಿ ಕಾಫಿ ಬೆಳೆಯತೊಡಗಿದ್ದು 1690ರ ದಶಕದಲ್ಲಿ. ಆ ಸಸಿಗಳನ್ನು ಅವರು ಒಯ್ದದ್ದು ನಮ್ಮ ಪಡುವಣ ಕರಾವಳಿಯಾದ ಮಲಬಾರಿನಿಂದ. ಜಗತ್ತಿನ ಪೇಟೆಗಳಲ್ಲಿ 'ಜಾವಾ' ಎಂದರೆ ಕಾಫಿ ಎಂದು ಅರ್ಥವಾಗುವ ಮಟ್ಟಿಗೆ ಆ ದ್ವೀಪ ಹೆಸರು ಮಾಡಿತು; ಆ ಗಿಡದ ತವರು ದಾರಿ ನಮ್ಮ ಕರಾವಳಿಯದು.

ಇನ್ನೂ ಒಂದು ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ದೇಶವನ್ನು ಅಳತೆ ಮಾಡಿಸಲು ಕಂಪೆನಿ ಸರ್ಕಾರ ನೇಮಿಸಿದ್ದು ಕಾಲಿನ್ ಮೆಕೆಂಜಿ ಎಂಬ ಸ್ಕಾಟ್ಲೆಂಡಿನ ಅಧಿಕಾರಿಯನ್ನು. ನೆಲದ ಜೊತೆಗೆ ಆತನು ನೆಲದ ನೆನಪನ್ನೂ ಅಳೆದನು. ಕೈಫಿಯತ್ತುಗಳು, ಶಾಸನದ ಪ್ರತಿಗಳು, ಓಲೆಗರಿಗಳು, ನಾಣ್ಯಗಳು, ಎಲ್ಲವನ್ನೂ ಕೂಡಿಸಿದನು. ಕಾವಲಿ ವೆಂಕಟ ಬೋರಯ್ಯ ಮತ್ತು ಆತನ ಸೋದರರು ಅವನಿಗೆ ನೆರವಾದರು. ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು ಹಳಗನ್ನಡದ ಶಾಸನಗಳನ್ನು ಓದಿಕೊಟ್ಟರು. ಈ ಮೆಕೆಂಜಿಯೇ 1811ರಲ್ಲಿ ಇಂಗ್ಲಿಷರ ದಂಡಿನೊಡನೆ ಜಾವಾಕ್ಕೆ ಹೋದನು. 1812ರಲ್ಲಿ, ಗಿಡಮರ ಮುಸುಕಿ ಬಿದ್ದುಹೋಗಿದ್ದ ಪ್ರಂಬನಾನ್ ಎಂಬಲ್ಲಿಯ ಶಿವ, ಬ್ರಹ್ಮ, ವಿಷ್ಣುಗಳ ಗುಡಿಗಳನ್ನು ಕಂಡು, ಅವುಗಳ ವಿಚಾರವಾಗಿ ಬರೆದನು. ನಮ್ಮ ಪಂಡಿತರಿಂದ ಪಾಠ ಕೇಳಿದ ಕಣ್ಣು ಅದು. ಆ ಕಣ್ಣಿಗೆ ಜಾವಾದ ಕಲ್ಲು ಪರಿಚಿತವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಇನ್ನು ಬೊರೊಬುದೂರಿನ ಮಾತು. ನಡು ಜಾವಾದಲ್ಲಿ, ಶೈಲೇಂದ್ರ ವಂಶದ ಅರಸರ ಕಾಲದಲ್ಲಿ, ಎಂಟು ಒಂಬತ್ತನೆಯ ಶತಮಾನಗಳಲ್ಲಿ ಕಟ್ಟಿದ ಬೌದ್ಧ ಸ್ಮಾರಕ ಇದು. ಒಂದು ದಿಣ್ಣೆಯನ್ನೇ ಒಳಗಿಟ್ಟುಕೊಂಡು ಸುತ್ತಲೂ ಕಲ್ಲು ಜೋಡಿಸಿದ್ದಾರೆ. ಆರು ಚೌಕ ಜಗಲಿಗಳು, ಅವುಗಳ ಮೇಲೆ ಮೂರು ವೃತ್ತಾಕಾರದ ಜಗಲಿಗಳು, ಅಲ್ಲಿ ಜಾಲರಿಯಂತೆ ಕಂಡಿಗಳಿರುವ 72 ಸ್ತೂಪಗಳು, ನಡುವೆ ಒಂದು ಮಹಾಸ್ತೂಪ. ಮೊದಲಿದ್ದ ಬುದ್ಧನ ವಿಗ್ರಹಗಳು 504. ಗೋಡೆಯ ಕೆತ್ತನೆಯ ಫಲಕಗಳು 2,672. ಹಳೇಬೀಡಿನ ಗೋಡೆಯ ಸುತ್ತ ನಡೆಯುತ್ತ ರಾಮಾಯಣ ಭಾರತಗಳನ್ನು ಓದುವಂತೆ, ಇಲ್ಲಿ ಜಗಲಿಯಿಂದ ಜಗಲಿಗೆ ಏರುತ್ತ ಬುದ್ಧನ ಚರಿತೆಯನ್ನೂ ಜಾತಕದ ಕಥೆಗಳನ್ನೂ ಓದಬಹುದು.

ಇಷ್ಟು ದೊಡ್ಡ ಕಟ್ಟಡ ಕಾಲಾಂತರದಲ್ಲಿ ಮಣ್ಣು, ಬೂದಿ, ಗಿಡಗಂಟೆಗಳ ಅಡಿಯಲ್ಲಿ ಮರೆಯಾಗಿತ್ತು. ಜಾವಾದ ಆಡಳಿತಗಾರನಾಗಿದ್ದ ರಾಫಲ್ಸ್ 1814ರಲ್ಲಿ ಇದರ ಸುದ್ದಿ ಕೇಳಿ, ಕಾರ್ನೀಲಿಯಸ್ ಎಂಬ ಡಚ್ ಎಂಜಿನಿಯರನ್ನು ಕಳುಹಿಸಿದನು. ಸುಮಾರು ಇನ್ನೂರು ಆಳುಗಳು ಮರ ಕಡಿದು ಮಣ್ಣು ಸರಿಸಿದರು. ಬೆಳಕಿಗೆ ಬಂದದ್ದೇ ಅದಕ್ಕೆ ಹೊಸ ಕಂಟಕವೂ ಆಯಿತು. ವಿಗ್ರಹಗಳ ತಲೆ ಮಾಯವಾದವು. 1896ರಲ್ಲಿ ಸಯಾಮಿನ ದೊರೆಗೆ ಡಚ್ಚರು ಎಂಟು ಗಾಡಿಗಳಷ್ಟು ಶಿಲ್ಪಗಳನ್ನು ಉಡುಗೊರೆಯಾಗಿ ಕೊಟ್ಟು ಕಳುಹಿಸಿದರು.

ಕಳ್ಳನಿಗಿಂತ ದೊಡ್ಡ ಶತ್ರು ನೀರು. ಈ ಮಾತನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೊರೊಬುದೂರಿನ ಮೇಲೆ ಸುರಿದ ಮಳೆ ಕಲ್ಲಿನ ಸಂದುಗಳಲ್ಲಿ ಇಳಿದು, ಒಳಗಿನ ದಿಣ್ಣೆಯ ಮಣ್ಣನ್ನು ನೆನೆಸಿ ಉಬ್ಬಿಸಿ, ಗೋಡೆಗಳನ್ನು ಹೊರಕ್ಕೆ ತಳ್ಳುತ್ತಿತ್ತು. ತೇವ ನಿಂತಲ್ಲೆಲ್ಲ ಪಾಚಿ ಹಬ್ಬಿ ಕೆತ್ತನೆ ಸವೆಯುತ್ತಿತ್ತು. 1907ರಿಂದ 1911ರವರೆಗೆ ವಾನ್ ಎರ್ಪ್ ಎಂಬ ಡಚ್ ಅಧಿಕಾರಿ ಮೇಲಿನ ಜಗಲಿಗಳನ್ನೂ ಸ್ತೂಪಗಳನ್ನೂ ಸರಿಪಡಿಸಿದನು. ಆದರೆ ಒಳಗಿನ ನೀರಿನ ಉಪಟಳ ನಿಲ್ಲಲಿಲ್ಲ. ಕೊನೆಗೆ ಇಂಡೊನೇಷ್ಯ ಸರ್ಕಾರವೂ ಯುನೆಸ್ಕೋ ಸಂಸ್ಥೆಯೂ ಸೇರಿ 1973ರಿಂದ 1983ರವರೆಗೆ ಹತ್ತು ವರ್ಷ ದುಡಿದವು; ಹಲವು ದೇಶಗಳು ಹಣ ಕೊಟ್ಟವು. ಕೆಳಗಿನ ಚೌಕ ಜಗಲಿಗಳನ್ನು ಬಿಚ್ಚಿದರು. ಹತ್ತು ಲಕ್ಷಕ್ಕೂ ಹೆಚ್ಚು ಕಲ್ಲುಗಳನ್ನು ಸ್ಥಾನ ಪಲ್ಲಟ ಮಾಡಬೇಕಾಯಿತು. ತೆಗೆದ ಕಲ್ಲಿಗೆ ಗುರುತು ಹಾಕಿ, ತೊಳೆದು, ಒಳಗೆ ನೀರು ಹರಿದುಹೋಗುವ ಕೊಳವೆಗಳನ್ನು ಕೂಡಿಸಿ, ಮತ್ತೆ ಅದೇ ಸ್ಥಾನದಲ್ಲಿ ಕೂರಿಸಿದರು. 1991ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಅಲ್ಲಿಗೂ ಮುಗಿಯಲಿಲ್ಲ. 2010ರಲ್ಲಿ ಹತ್ತಿರದ ಮೆರಾಪಿ ಜ್ವಾಲಾಮುಖಿ ಸಿಡಿದು ಬೊರೊಬುದೂರಿನ ಮೇಲೆ ಬೂದಿಯ ಹೊದಿಕೆ ಬಿತ್ತು. ಬೂದಿಯಲ್ಲಿ ಆಮ್ಲದ ಗುಣವಿದ್ದು ಅದು ಕಲ್ಲನ್ನು ತಿನ್ನುತ್ತದೆ. ಸಂದುಗಳಲ್ಲಿ ಇಳಿದರೆ, ಕಷ್ಟಪಟ್ಟು ಮಾಡಿದ ನೀರಿನ ದಾರಿಯೆಲ್ಲ ಕಟ್ಟಿಹೋಗುತ್ತದೆ. ಆಗ ಸುತ್ತಣ ಹಳ್ಳಿಗಳ ನೂರಾರು ಜನ, ತಜ್ಞರ ಕಣ್ಣಳತೆಯಲ್ಲಿ, ಪೊರಕೆ, ಬ್ರಷ್ಷು, ಬಕೆಟ್ಟು ಹಿಡಿದು ಏರಿದರು. ಸಾವಿರಾರು ನೆಲಗಲ್ಲುಗಳನ್ನು ಎತ್ತಿ, ಅಡಿಯ ಕಾಲುವೆಯನ್ನು ತೊಳೆದು, ಮತ್ತೆ ಕೂರಿಸಿದರು. ಒಂದು ವರ್ಷದಷ್ಟು ಕಾಲ ಹಿಡಿಯಿತು.

ಇಲ್ಲಿ ಒಂದು ಅಂಶವನ್ನು ತಾವು ಗಮನಿಸಬೇಕು. ಹೊರದೇಶದಿಂದ ಹೋಗುವ ಸ್ವಯಂಸೇವಕನ ಕೈಗೆ ಯಾರೂ ಉಳಿ ಸುತ್ತಿಗೆ ಕೊಡುವುದಿಲ್ಲ. ಕೊಡಲೂ ಬಾರದು. ಕಸ ತೆಗೆಯುವುದು, ಕಳೆ ಕೀಳುವುದು, ಹೇಳಿದಷ್ಟು ಜಾಗವನ್ನು ಹೇಳಿದ ಬ್ರಷ್ಷಿನಿಂದ ಒಣಗಿದಂತೆಯೇ ಉಜ್ಜುವುದು, ಅಳತೆ ಬರೆದುಕೊಳ್ಳುವುದು, ಸುತ್ತಣ ಶಾಲೆಗಳ ಮಕ್ಕಳೊಡನೆ ಸ್ಮಾರಕದ ವಿಚಾರ ಮಾತನಾಡುವುದು, ಇಂಥವು ಅವನ ಕೆಲಸ. ಕೇಳುವುದಕ್ಕೆ ಸಪ್ಪೆ. ಆದರೆ ಹಳೆಯ ಕಲ್ಲಿನ ಮುಂದೆ ಮನುಷ್ಯ ಕಲಿಯಬೇಕಾದ ಮೊದಲ ಪಾಠವೇ ಕೈಯನ್ನು ಹಿಂದಕ್ಕೆ ಹಿಡಿದುಕೊಳ್ಳುವುದು.

ಉತ್ಸಾಹವೊಂದೇ ಸಾಲದು ಎಂಬುದಕ್ಕೆ ನಮ್ಮ ದೇಶದ ಅನುಭವವೇ ಇದೆ. 1986ರಿಂದ 1993ರವರೆಗೆ ಭಾರತದ ಪುರಾತತ್ವ ಇಲಾಖೆಯವರು ಕಾಂಬೋಡಿಯದ ಅಂಕೋರ್ ವಾಟ್ ದೇವಾಲಯದಲ್ಲಿ ಕೆಲಸ ಮಾಡಿದರು. ಒಳಯುದ್ಧ ಇನ್ನೂ ಆರದಿದ್ದ ಕಾಲ. ಬೇರೆ ದೇಶಗಳು ಹೋಗಲು ಹಿಂಜರಿಯುತ್ತಿದ್ದಾಗ ನಮ್ಮವರು ಹೋದರು. ಬೀಳುವುದರಲ್ಲಿದ್ದ ಎಷ್ಟೋ ಭಾಗಗಳನ್ನು ನಿಲ್ಲಿಸಿದರು. ಅದೇ ಕಾಲದಲ್ಲಿ, ರಾಸಾಯನಿಕದಿಂದಲೂ ಬ್ರಷ್ಷಿನಿಂದಲೂ ಕಲ್ಲಿನ ಮೈಯನ್ನು ತೊಳೆದ ಕ್ರಮವನ್ನು ಹೊರಗಿನ ತಜ್ಞರು ಕಟುವಾಗಿ ಟೀಕಿಸಿದರು. ಕಲ್ಲಿನ ಮೇಲಿನ ಕಪ್ಪು ಎಲ್ಲವೂ ಕೊಳೆಯಲ್ಲ. ಕೆಲವೆಡೆ ಅದು ಕಲ್ಲಿನ ಚರ್ಮ. ಅದನ್ನು ಸುಲಿದರೆ ಒಳಗಿನದು ಬೇಗ ಸವೆಯುತ್ತದೆ ಎಂಬುದು ಅವರ ವಾದ. ಈ ಟೀಕೆಯಿಂದ ಲೋಕವೇ ಪಾಠ ಕಲಿತಿದೆ. ಇಂದು ತಿಳಿದವರು ಹೇಳುವುದು: ಎಷ್ಟು ಕಡಮೆ ಮುಟ್ಟಿದರೆ ಅಷ್ಟು ಒಳ್ಳೆಯದು, ಮುಟ್ಟಿದ್ದು ನಾಳೆ ಬೇಡವೆಂದಾಗ ತೆಗೆಯಲು ಬರುವಂತಿರಬೇಕು, ಮುಟ್ಟುವುದಕ್ಕೆ ಮುಂಚೆ ಚಿತ್ರ ತೆಗೆದು ಬರೆದಿಡಬೇಕು.

ಬೊರೊಬುದೂರಿನಲ್ಲಿ ಈಚೆಗೆ ತಂದ ಒಂದು ಪದ್ಧತಿಯನ್ನು ಓದಿ ನನಗೆ ಬಹಳ ಸಂತೋಷವಾಯಿತು. ಯಾತ್ರಿಕರ ಕಾಲಿನಿಂದ ಮೆಟ್ಟಿಲುಗಳು ಸವೆಯುತ್ತಿರುವುದನ್ನು ಕಂಡು, 2023ರಲ್ಲಿ ಮೇಲಿನ ಜಗಲಿಗಳಿಗೆ ಜನರನ್ನು ಮರಳಿ ಬಿಟ್ಟಾಗ, ದಿನಕ್ಕೆ 1,200 ಜನ ಮಾತ್ರ ಎಂದು ಮಿತಿಯಿಟ್ಟರು. ಏರುವವರಿಗೆಲ್ಲ ಮೆತ್ತನೆಯ ಚಪ್ಪಲಿ ಕೊಡುವ ಏರ್ಪಾಡು ಮಾಡಿದರು. ನಮ್ಮ ಕೇದಗೆಯ ಜಾತಿಯ ಗಿಡದ ಒಣಗಿದ ಎಲೆಯನ್ನು ಹೆಣೆದು ಅದನ್ನು ಮಾಡುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರು 'ಉಪಾನತ್'. ಸಂಸ್ಕೃತದಲ್ಲಿ ಪಾದರಕ್ಷೆಗೆ ಇರುವ ಮಾತೇ ಅದು! ಅಮರಕೋಶವನ್ನು ಉರುಹಾಕಿದ ಪಂಡಿತನೂ ಅಂಗಡಿಯಲ್ಲಿ 'ಚಪ್ಪಲಿ ಕೊಡಿ' ಎನ್ನುತ್ತಾನೆ. ಜಾವಾದ ಹಳ್ಳಿಯವರು ಉಪಾನತ್ತನ್ನು ಹೆಣೆದು ಮಾರುತ್ತಿದ್ದಾರೆ. ಕಾಲಿನ ರಕ್ಷೆಯಾಗಿದ್ದದ್ದು ಅಲ್ಲಿ ಕಲ್ಲಿನ ರಕ್ಷೆಯೂ ಆಗಿದೆ.

ಈಗ ಗೌಡರ ಪ್ರಶ್ನೆಗೆ ಬರೋಣ. ಪರರ ಊರಿನ ಕಲ್ಲನ್ನು ನಾವೇಕೆ ಕಾಯಬೇಕು? ಇದಕ್ಕೆ ಉತ್ತರವನ್ನು ಹೊರಗಿನ ಪುಸ್ತಕಗಳಲ್ಲಿ ಹುಡುಕಬೇಕಾಗಿಲ್ಲ. ನಮ್ಮ ಶಾಸನಗಳ ಕೊನೆಯ ಸಾಲುಗಳಲ್ಲಿಯೇ ಅದು ಇದೆ. ದಾನದ ವಿವರವೆಲ್ಲ ಮುಗಿದ ಮೇಲೆ ಬರುವ ಶಾಪಾಶಯದ ಭಾಗವನ್ನು ನಾವು ಸಾಮಾನ್ಯವಾಗಿ ಬೈಗುಳವೆಂದು ನಕ್ಕು ಬಿಡುತ್ತೇವೆ. ಇದನ್ನು ಅಳಿಸಿದವನು ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುವನು ಎಂಬ ಬಗೆಯ ಮಾತು ಅದು. ಆದರೆ ಅದರ ನೆರೆಯಲ್ಲಿಯೇ ಇನ್ನೊಂದು ತತ್ವವಿರುತ್ತದೆ. ತಾನು ಕೊಟ್ಟದ್ದು ಸ್ವದತ್ತ. ಬೇರೆಯವರು ಕೊಟ್ಟದ್ದು ಪರದತ್ತ. ತಾನೇ ಕೊಡುವುದಕ್ಕಿಂತ ಬೇರೆಯವರು ಕೊಟ್ಟದ್ದನ್ನು ಪಾಲಿಸುವುದು ಹೆಚ್ಚಿನ ಪುಣ್ಯ ಎಂದು ಆ ಶಾಸನಗಳು ಸಾರುತ್ತವೆ. ಏಕೆಂದರೆ ಕೊಡುವವನಿಗೆ ಹೆಸರು ಬರುತ್ತದೆ, ಕಾಯುವವನಿಗೆ ಹೆಸರಿಲ್ಲ. ಹೆಸರಿಲ್ಲದ ಕೆಲಸವನ್ನು ಮಾಡಿಸಬೇಕಾದರೆ ಪುಣ್ಯದ ತೂಕವನ್ನಾದರೂ ಹೆಚ್ಚಿಸಬೇಕಲ್ಲವೆ?

ಜಾವಾದ ಹಳೆಯ ಶಾಸನಗಳ ಕ್ರಮವೂ ಹೀಗೆಯೇ. ತೆರಿಗೆಯಿಲ್ಲದೆ ದೇವರಿಗೆ ಬಿಟ್ಟ ನೆಲವನ್ನು ಅವರು 'ಸೀಮ' ಎಂದು ಕರೆದರು. ನಮ್ಮ 'ಸೀಮೆ'ಯೇ ಅದು. ಆ ಶಾಸನಗಳ ಕೊನೆಯಲ್ಲಿಯೂ, ಕೆಡಿಸಿದವನಿಗೆ ಉದ್ದುದ್ದ ಶಾಪಗಳಿವೆ. ಹತ್ತನೆಯ ಶತಮಾನದ ಅಂಥ ಒಂದು ದೊಡ್ಡ ಶಾಸನದ ಕಲ್ಲನ್ನು ರಾಫಲ್ಸನು ಗವರ್ನರ್ ಜನರಲ್ ಮಿಂಟೋ ಸಾಹೇಬನಿಗೆ ಕಾಣಿಕೆಯಾಗಿ ಕಳುಹಿಸಿದ್ದರಿಂದ, ಅದು ಸ್ಕಾಟ್ಲೆಂಡಿನ ಆ ಮನೆತನದ ಎಸ್ಟೇಟನ್ನು ಸೇರಿತು. ಅಲುಗಿಸಬೇಡವೆಂದು ಶಪಿಸಿದ ಕಲ್ಲೇ ಸಮುದ್ರ ದಾಟಿಹೋಯಿತು. ಇನ್ನೊಂದು, ಐರ್ಲಂಗನೆಂಬ ಅರಸನ 1041ರ ಶಾಸನ, ಕಲ್ಕತ್ತೆಗೆ ಬಂದು ಅಲ್ಲಿಯ ವಸ್ತುಸಂಗ್ರಹಾಲಯಕ್ಕೆ ಸೇರಿತು. ಜಾವಾದ ಪರದತ್ತವೊಂದು ನಮ್ಮ ದೇಶದಲ್ಲಿಯೇ ಇದ್ದಮೇಲೆ, ಅವರ ಕಲ್ಲಿಗೂ ನಮಗೂ ಏನು ಸಂಬಂಧ ಎಂದು ಕೇಳುವ ಹಕ್ಕು ನಮಗೆ ಅಷ್ಟಾಗಿ ಉಳಿಯುವುದಿಲ್ಲ.

ಆದರೆ ಗೌಡರ ಪ್ರಶ್ನೆಯ ಎರಡನೆಯ ಅರ್ಧ ಹಾಗೆಯೇ ನಿಂತಿದೆ. "ನಮ್ಮೂರಲ್ಲಿ ಕಲ್ಲಿಲ್ವಾ?" ಇದೆ, ಸ್ವಾಮಿ, ಬೇಕಾದಷ್ಟಿದೆ. ಸಕಲೇಶಪುರಕ್ಕೆ ಬರುವವರನ್ನು ಎದುರುಗೊಳ್ಳುವುದೇ ಹೊಯ್ಸಳರ ಕಾಲದ ಸಕಲೇಶ್ವರ ದೇವಾಲಯ. ಅಲ್ಲಿಂದ ಮಂಗಳೂರಿನ ದಾರಿಯಲ್ಲಿ ದೋಣಿಗಾಲಿನ ಬಳಿ, ಸಮುದ್ರಮಟ್ಟಕ್ಕೆ ಮೂರು ಸಾವಿರದ ಇನ್ನೂರು ಅಡಿಗೂ ಮೇಲೆ, ಮಂಜರಾಬಾದ್ ಕೋಟೆ. 1792ರಲ್ಲಿ ಟಿಪ್ಪು ಸುಲ್ತಾನನು ಫ್ರೆಂಚರ ವಿದ್ಯೆಯಂತೆ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರದ ಆಕಾರದ ಕೋಟೆ ಅದು. ಆ ಮೂಲೆಗಳು ಅಲಂಕಾರಕ್ಕಲ್ಲ. ಗೋಡೆಯ ಬುಡಕ್ಕೆ ಬಂದ ಶತ್ರು ಯಾವ ಕಡೆ ಅಡಗಿದರೂ ಪಕ್ಕದ ಮೂಲೆಯ ತೋಪಿಗೆ ಕಾಣಲೇಬೇಕು ಎಂಬ ಲೆಕ್ಕ. ನಡುವೆ ಶಿಲುಬೆಯ ಆಕಾರದ ಮೆಟ್ಟಿಲುಬಾವಿ, ಅದರ ಬಳಿ ಮದ್ದಿನ ಕೋಣೆಗಳು. ಮಂಜು ಕವಿದ ಬೆಟ್ಟವನ್ನು ಕಂಡು ಆ ಹೆಸರಿಟ್ಟನೆಂದು ಜನ ಹೇಳುತ್ತಾರೆ. ಆಮೇಲೆ ಬಹುಕಾಲ ತಾಲ್ಲೂಕಿಗೂ ಅದೇ ಹೆಸರು. ರೈಸ್ ಸಾಹೇಬರು 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟದಲ್ಲಿ ಈ ಸೀಮೆಯ ಶಾಸನಗಳನ್ನು ಮಂಜರಾಬಾದ್ ತಾಲ್ಲೂಕಿನವೆಂದೇ ನೋಡಬೇಕು.

ಇನ್ನು ಆಲೂರಿನ ಕಡೆ ಬಂದರೆ ಹೇಮಾವತಿಯ ಹಿನ್ನೀರು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದು ನೀರು ನಿಂತಾಗ ಎಷ್ಟೋ ಊರುಗಳು ಮುಳುಗಿದವು. ಅದೇ ನೀರಿನಲ್ಲಿ, ಹಾಸನ ತಾಲ್ಲೂಕಿನ ಶೆಟ್ಟಿಹಳ್ಳಿಯಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಬರಿಯ ಗೋಡೆಯಾಗಿ ಮೇಲೇಳುತ್ತದೆ. ಜಾವಾದವರು ದ್ವೀಪದಲ್ಲಿ ಸ್ಮಾರಕವನ್ನು ಇಟ್ಟುಕೊಂಡಿದ್ದಾರೆ. ನಾವು ಸ್ಮಾರಕವನ್ನೇ ವರ್ಷಕ್ಕೊಮ್ಮೆ ದ್ವೀಪ ಮಾಡಿದ್ದೇವೆ. ನೋಡಲು ಬರುವವರು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ನೆನೆದು ಒಣಗಿ, ನೆನೆದು ಒಣಗಿ, ಗಾರೆ ಸಡಿಲವಾಗುತ್ತಿರುವುದು ಚಿತ್ರದಲ್ಲಿ ಕಾಣುವುದಿಲ್ಲ.

ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಅದು ನಮಗೆಲ್ಲ ಹೆಮ್ಮೆಯ ದಿನ. ಆದರೆ ಅದಕ್ಕೆ ಮೂರು ವರ್ಷ ಮುಂಚೆ, 2020ರ ನವೆಂಬರಿನಲ್ಲಿ, ಇದೇ ಜಿಲ್ಲೆಯ ದೊಡ್ಡಗದ್ದವಳ್ಳಿಯ ಹೊಯ್ಸಳ ದೇವಾಲಯದಲ್ಲಿ ಕಾಳಿಯ ವಿಗ್ರಹ ತುಂಡಾಗಿ ಬಿದ್ದಿದ್ದುದನ್ನು ಜನ ಕಂಡರು. ಹೆಸರಾದ ಗುಡಿಗೇ ಹೀಗಾದರೆ, ಹೆಸರಿಲ್ಲದವುಗಳ ಗತಿಯೇನು? ಗದ್ದೆಯ ಬದುವಿನಲ್ಲಿ ವಾಲಿದ ವೀರಗಲ್ಲು, ಕಾಫಿ ತೋಟದೊಳಗೆ ಮುಳ್ಳಿನ ಪೊದೆಗೆ ಸಿಕ್ಕಿದ ಮಾಸ್ತಿಕಲ್ಲು, ಕೆರೆಯ ಸೋಪಾನದಲ್ಲಿ ಬಟ್ಟೆ ಒಗೆಯುವ ಹಾಸಾದ ಶಾಸನ, ಇಂಥವುಗಳನ್ನು ಈ ಗುಡ್ಡಗಳಲ್ಲಿ ತಿರುಗಾಡಿದವರೆಲ್ಲ ಕಂಡಿದ್ದಾರೆ. ಹೊನ್ನಿದೆಯೆಂದು ಪೀಠವನ್ನೇ ಅಗೆಯುವ ನಿಧಿಗಳ್ಳರದು ಒಂದು ಬಗೆಯ ಕಾಟ. ಭಕ್ತಿಯಿಂದಲೇ ಬಳಪದ ಕಲ್ಲಿನ ಕೆತ್ತನೆಗೆ ಎಣ್ಣೆಬಣ್ಣ ಬಳಿಯುವ, ಸಂದಿಗೆ ಸಿಮೆಂಟು ಮೆತ್ತುವ ಒಳ್ಳೆಯವರದು ಇನ್ನೊಂದು ಬಗೆಯ ಕಾಟ. ಹಳೆಯ ಸುಣ್ಣದ ಗಾರೆ ಉಸಿರಾಡುತ್ತದೆ. ಒಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟು ಬಾಯಿ ಕಟ್ಟುತ್ತದೆ. ಹೊರಗೆ ಹೋಗಲಾರದ ನೀರು ಕಲ್ಲನ್ನೇ ಒಡೆಯುತ್ತದೆ. ಒಳ್ಳೆಯ ಕ್ರಮದಲ್ಲಿ ಕೆಲಸ ನಡೆಸಿದ ಮೇಲ್ಪಂಕ್ತಿಯೂ ನಮ್ಮ ನಾಡಿನಲ್ಲಿದೆ. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟಿನವರು ಸರ್ಕಾರದೊಡನೆ ಕೂಡಿಕೊಂಡು ಇನ್ನೂರಕ್ಕೂ ಹೆಚ್ಚು ಹಳೆಯ ದೇವಾಲಯಗಳನ್ನು ಎತ್ತಿ ನಿಲ್ಲಿಸಿದ್ದಾರೆ. ಊರಿನವರೂ ಒಂದು ಪಾಲು ಹಾಕಬೇಕೆಂಬುದು ಆ ಕ್ರಮದ ಜೀವಾಳ. ಪಾಲು ಹಾಕಿದವನು ಮುಂದೆಯೂ ಕಾಯುತ್ತಾನೆ.

ಹಾಗಾದರೆ ಹುಡುಗ ಹೋಗಬೇಕೋ ಬೇಡವೋ? ಗೌಡರಿಗೂ ಮಗನಿಗೂ ಒಟ್ಟಿಗೆ ಕೂರಿಸಿ ನಾನು ಹೇಳಿದ್ದು ಇದು. "ಹೋಗಲಿ, ಗೌಡರೇ. ಆದರೆ ಬರಿಗೈಯಲ್ಲಿ ಹೋಗದೆ, ಇಲ್ಲಿಯ ಒಂದು ಮಳೆಗಾಲವನ್ನು ತಿಳಿದುಕೊಂಡು ಹೋಗಲಿ." ಹುಡುಗನಿಗೆ ಹೇಳಿದೆ: "ನೋಡಪ್ಪಾ, ಜೂನಿನಿಂದ ಸೆಪ್ಟೆಂಬರಿನವರೆಗೆ ಮಂಜರಾಬಾದಿಗೆ ವಾರಕ್ಕೊಮ್ಮೆ ಏರು. ಏನನ್ನೂ ಮುಟ್ಟಬೇಡ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಸಂದಿನಲ್ಲಿ ಗಿಡ ಹುಟ್ಟಿದೆ, ಎಲ್ಲಿ ಕಲ್ಲು ಉಬ್ಬಿದೆ, ಎಲ್ಲಿ ಜನ ಹೆಸರು ಕೆತ್ತಿದ್ದಾರೆ, ತಾರೀಕು ಹಾಕಿ ಬರೆದುಕೋ. ಆ ಪುಸ್ತಕವನ್ನು ಜೊತೆಗೆ ಒಯ್ಯಿ. ಬೊರೊಬುದೂರಿನಲ್ಲಿ ನೀರಿಗೆ ದಾರಿ ಮಾಡಿದ ಬಗೆಯನ್ನು ನೋಡುವಾಗ ಆ ಪುಸ್ತಕ ತೆರೆದಿರಲಿ. ಆಗ ನಿನಗೆ ಕೇಳಬೇಕಾದ ಪ್ರಶ್ನೆ ಇರುತ್ತದೆ. ಪ್ರಶ್ನೆಯಿಲ್ಲದೆ ಹೋದವನು ಯಾತ್ರಿಕ. ಪ್ರಶ್ನೆಯೊಡನೆ ಹೋದವನು ವಿದ್ಯಾರ್ಥಿ." ಗೌಡರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಳೆಗಾಲದಲ್ಲಿ ಆ ಕೋಟೆಯಲ್ಲಿ ಜಿಗಣೆ ಜಾಸ್ತಿ ಮೇಷ್ಟ್ರೇ, ಸುಣ್ಣ ಹೊಗೆಸೊಪ್ಪು ಕೊಟ್ಟು ಕಳಿಸ್ತೀನಿ" ಎಂದರು. ಒಪ್ಪಿದರೆಂದು ನಾನು ತಿಳಿದೆ.

ಕೇಳುತ್ತಿರುವ ತಾವೆಲ್ಲರೂ ಜಾವಾಕ್ಕೆ ಹೋಗಬೇಕಾಗಿಲ್ಲ. ರಕ್ಷಿತ ಸ್ಮಾರಕಗಳಿಗೆ ಕಾನೂನಿನ ಕಾವಲಿದೆ. 1958ರ ಕೇಂದ್ರದ ಕಾಯಿದೆಯೂ 1961ರ ನಮ್ಮ ರಾಜ್ಯದ ಕಾಯಿದೆಯೂ ಇವೆ. ಅಲ್ಲಿ ಇಲಾಖೆಯ ಅಪ್ಪಣೆಯಿಲ್ಲದೆ ಒಂದು ಹುಲ್ಲನ್ನೂ ಕೀಳಹೋಗಬಾರದು. ಯಾರ ಪಟ್ಟಿಯಲ್ಲಿಯೂ ಇಲ್ಲದ ಕಲ್ಲುಗಳಿಗೆ ಮಾತ್ರ ನಾವೇ ಕಾವಲು. ಅವುಗಳಿಗಾಗಿ ಮಾಡಬೇಕಾದ್ದು ಬಹಳ ಸುಲಭ. ತಮ್ಮ ಊರಿನಲ್ಲಿ, ತೋಟದಲ್ಲಿ, ದಾರಿಯಲ್ಲಿ ಇರುವ ಇಂಥ ಕಲ್ಲು ಎಲ್ಲಿದೆ, ಎಷ್ಟು ಎತ್ತರವಿದೆ, ಅಕ್ಷರವಿದೆಯೆ, ಚಿತ್ರವೇನು, ಹಿರಿಯರು ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮಕ್ಕಳಿಂದ ಬರೆಯಿಸಿದರೆ ಇನ್ನೂ ಲೇಸು. ಒಂದು ಪ್ರತಿ ಶಾಲೆಯಲ್ಲಿರಲಿ, ಒಂದು ಪಂಚಾಯಿತಿಯಲ್ಲಿರಲಿ. ಬೂದಿ, ಹುಣಸೆಹಣ್ಣು, ಆಮ್ಲ, ಸೋಪಿನ ಪುಡಿ, ಯಾವುದರಿಂದಲೂ ಉಜ್ಜಬೇಡಿ. ಅಕ್ಷರ ಕಾಣಲೆಂದು ಬಣ್ಣ ತುಂಬಬೇಡಿ. ಬಿದ್ದದ್ದನ್ನು ಎತ್ತುವ ಮುನ್ನ ತಿಳಿದವರನ್ನು ಕರೆಯಿರಿ. ನೀರು ಬುಡದಲ್ಲಿ ನಿಲ್ಲುತ್ತಿದ್ದರೆ, ಕಲ್ಲನ್ನು ಮುಟ್ಟದೆ, ದೂರದಿಂದಲೇ ಒಂದು ಬಚ್ಚಲ ಕಾಲುವೆಯಷ್ಟು ತೋಡಿ ಹರಿಯಗೊಡಿ.

ಇದರಲ್ಲಿ ಹೆಸರಿಲ್ಲ, ಸನ್ಮಾನವಿಲ್ಲ. ಶಾಸನ ಬರೆಯಿಸಿದ ಹೆಗ್ಗಡೆಯ ಹೆಸರನ್ನು ನಾವಿಂದು ಓದುತ್ತೇವೆ. ಎಂಟು ನೂರು ವರ್ಷ ಅದರ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಂಡವರ ಹೆಸರು ಎಲ್ಲಿಯೂ ಇಲ್ಲ. ಅವರು ಇದ್ದುದರಿಂದಲೇ ಹೆಗ್ಗಡೆಯ ಹೆಸರು ಉಳಿಯಿತು. ಈ ಸಲ ಮುಂಗಾರು ಹಿಡಿಯುವುದರೊಳಗೆ ತಮ್ಮೂರಿನ ಒಂದು ಕಲ್ಲನ್ನಾದರೂ ನೋಡಿ, ಬರೆದಿಡಿ ಎಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.